ಇಟ್ಟಿಗೆ ಗೋಡೆಗೆ ಇನ್‌ವಾಲ್ ಸ್ಪೀಕರ್: ಮೈಸೂರಿನ ಒಂದು ಮನೆಯ ಪ್ರಕರಣ ಅಧ್ಯಯನ

ಗೋಡೆಯೊಳಗೆ ಕೂರಿಸುವ ಇನ್‌ವಾಲ್ ಸ್ಪೀಕರನ್ನು ಡಬ್ಬದಿಂದ ತೆಗೆದು ಮೇಜಿನ ಮೇಲಿಟ್ಟರೆ ಅದರಲ್ಲಿ ಯಾವುದಕ್ಕೂ ಕೊರತೆ ಕಾಣುವುದಿಲ್ಲ. ಕೆಳಸ್ವರಗಳನ್ನು ನುಡಿಸುವ ವೂಫರ್, ಮೇಲಿನ ಸ್ವರಗಳನ್ನು ನುಡಿಸುವ ಟ್ವೀಟರ್, ಸ್ವರಗಳನ್ನು ಇವೆರಡಕ್ಕೂ ಹಂಚುವ, ಹಿಂಬದಿಗೆ ಅಂಟಿಕೊಂಡ ಕ್ರಾಸ್‌ಓವರ್, ಮೇಲೆ ಮುಚ್ಚುವ ಜಾಲರಿ, ಎಲ್ಲವೂ ಇರುತ್ತವೆ. ಆದರೆ ಮಾಮೂಲಿ ಸ್ಪೀಕರಿಗೆ ಇರುವ ಮರದ ಪೆಟ್ಟಿಗೆ ಮಾತ್ರ ಇದಕ್ಕಿರುವುದಿಲ್ಲ. ಆ ಪೆಟ್ಟಿಗೆಯ ಕೆಲಸವನ್ನು ಗೋಡೆಯೇ ಮಾಡುತ್ತದೆ ಎಂಬ ಲೆಕ್ಕದ ಮೇಲೆ ತಯಾರಕರು ಇದನ್ನು ರೂಪಿಸಿರುತ್ತಾರೆ. ನಮ್ಮ ಇಟ್ಟಿಗೆ ಗೋಡೆಗಳು ಆ ಕೆಲಸವನ್ನು ತಾವಾಗಿಯೇ ಮಾಡಲಾರವು. ಮೈಸೂರಿನ ಒಂದು ಮನೆಯಲ್ಲಿ ಇಂಥ ಸ್ಪೀಕರುಗಳನ್ನು ಅಳವಡಿಸುವಾಗ ಎದುರಾದ ತೊಡಕುಗಳನ್ನೂ ಅವುಗಳಿಗೆ ನಾವು ಕಂಡುಕೊಂಡ ದಾರಿಯನ್ನೂ ಇಲ್ಲಿ ವಿವರವಾಗಿ ದಾಖಲಿಸಿದ್ದೇನೆ.

ಮನೆ 1990ರ ಆಸುಪಾಸಿನಲ್ಲಿ ಕಟ್ಟಿದ್ದು. ಹೊರಗೋಡೆಗಳು ಒಂಬತ್ತು ಇಂಚಿನವು. ತಾರಸಿಯ ಭಾರವನ್ನು ಹೊತ್ತಿರುವುದು ಅವೇ. ಕೋಣೆಗಳನ್ನು ಬೇರ್ಪಡಿಸುವ ಒಳಗೋಡೆಗಳು ನಾಲ್ಕೂವರೆ ಇಂಚಿನವು. ಬ್ಯಾಂಕ್ ಕೆಲಸದಿಂದ ನಿವೃತ್ತರಾದ ಯಜಮಾನರು ಮತ್ತು ಅವರ ಪತ್ನಿ ಕರ್ನಾಟಕ ಸಂಗೀತವನ್ನು, ಅದರಲ್ಲೂ ಹಾಡುಗಾರಿಕೆ ಮತ್ತು ಪಿಟೀಲನ್ನು, ದಿನವೂ ಕೇಳುವವರು. ಟೆಕ್ಸಸ್‌ನಲ್ಲಿರುವ ಮಗ ತನ್ನ ಮನೆಯ ಗೋಡೆಗಳಲ್ಲಿ ಬಳಸಿದ್ದ ಮಾದರಿಯ ಮೂರು ಸ್ಪೀಕರುಗಳನ್ನು ರಜೆಗೆ ಬಂದಾಗ ಹೊತ್ತು ತಂದಿದ್ದರು. ಅಲ್ಲಿ ಅವು ಬಹಳ ಚೆನ್ನಾಗಿ ನುಡಿಯುತ್ತವೆ ಎಂಬುದನ್ನು ತಂದೆ ತಾಯಿ ಸ್ವತಃ ಕೇಳಿ ಬಂದಿದ್ದರು. ನೆಲದಲ್ಲಿ ಜಾಗ ತಿನ್ನದೆ, ತಂತಿ ಕಾಣದೆ, ಅದೇ ನಾದ ಇಲ್ಲಿಯೂ ಬರಬೇಕೆಂಬುದು ಅವರ ಅಪೇಕ್ಷೆ. ಟಿ.ವಿ. ಇರುವ ಗೋಡೆಯ ಹಿಂದಿನ ಕೋಣೆಯಲ್ಲಿ ಯಜಮಾನರ ವಯಸ್ಸಾದ ತಾಯಿ ಮಲಗುತ್ತಾರೆ. ಅವರ ನಿದ್ದೆಗೆ ಭಂಗ ಬರಬಾರದೆಂಬ ಷರತ್ತನ್ನು ಮನೆಯೊಡತಿ ಮೊದಲ ದಿನವೇ ಹಾಕಿದ್ದರು.

ಟೆಕ್ಸಸ್‌ನ ಗೋಡೆ ಮತ್ತು ಮೈಸೂರಿನ ಗೋಡೆ

ಅಮೆರಿಕದ ಸಾಮಾನ್ಯ ಮನೆಯ ಒಳಗೋಡೆ ಮರದ ಚೌಕಟ್ಟಿನದು. ಒಂದೂವರೆ ಇಂಚು ದಪ್ಪ, ಮೂರೂವರೆ ಇಂಚು ಆಳದ ಮರದ ಕಂಬಗಳನ್ನು ಹದಿನಾರು ಇಂಚಿಗೊಂದರಂತೆ ನಿಲ್ಲಿಸಿ, ಎರಡೂ ಕಡೆ ಅರ್ಧ ಇಂಚಿನ ಜಿಪ್ಸಂ ಬೋರ್ಡ್ ಬಡಿದಿರುತ್ತಾರೆ. ಎರಡು ಕಂಬಗಳ ನಡುವೆ ಹದಿನಾಲ್ಕೂವರೆ ಇಂಚು ಅಗಲದ, ಮೂರೂವರೆ ಇಂಚು ಆಳದ, ನೆಲದಿಂದ ಚಾವಣಿಯವರೆಗಿನ ಒಂದು ಪೊಳ್ಳು ಇರುತ್ತದೆ. ಅದರ ಗಾತ್ರ ಹೆಚ್ಚುಕಡಿಮೆ 75ರಿಂದ 80 ಲೀಟರ್. ಇನ್‌ವಾಲ್ ಸ್ಪೀಕರಿನ ಪೆಟ್ಟಿಗೆ ಎಂದರೆ ಆ ಪೊಳ್ಳೇ. 1983ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಸೋನಾನ್ಸ್‌ನಂತಹ ಸಂಸ್ಥೆಗಳು ಈ ಬಗೆಯ ಸ್ಪೀಕರನ್ನು ಮಾರುಕಟ್ಟೆಗೆ ತಂದಾಗ ಅವುಗಳ ಕಣ್ಣ ಮುಂದಿದ್ದದ್ದು ಈ ಗೋಡೆ. ಸ್ಪೀಕರಿನ ಆಳ ನಾಲ್ಕು ಇಂಚಿನೊಳಗೆ ಇರುವುದಕ್ಕೂ, ಚೌಕಟ್ಟಿನ ಹಿಂದೆ ತಿರುಗಿ ಬೋರ್ಡನ್ನು ಕಚ್ಚಿ ಹಿಡಿಯುವ ಪ್ಲಾಸ್ಟಿಕ್ ಕ್ಲಿಪ್ಪುಗಳಿಗೂ ಕಾರಣ ಅದೇ.

ಇಲ್ಲಿನ ಗೋಡೆಯಲ್ಲಿ ಪೊಳ್ಳಿಲ್ಲ, ಕ್ಲಿಪ್ಪು ಕಚ್ಚಿಕೊಳ್ಳಲು ಬೋರ್ಡೂ ಇಲ್ಲ. ಯಜಮಾನರು ಮೊದಲು ಕರೆಸಿದ್ದವರ ಯೋಜನೆ ಸರಳವಾಗಿತ್ತು: ನಾಲ್ಕೂವರೆ ಇಂಚಿನ ಗೋಡೆಯಲ್ಲಿ ಸ್ಪೀಕರಿನ ಅಳತೆಗೆ ಗೂಡು ಕೊರೆದು, ಅಂಚಿಗೆ ಮರದ ಪಟ್ಟಿ ಕೊಟ್ಟು, ಸ್ಪೀಕರನ್ನು ಒಳಗೆ ತಳ್ಳಿ ಸ್ಕ್ರೂ ಬಿಗಿಯುವುದು. ಕೆಲಸಕ್ಕೆ ಬಂದಿದ್ದ ಗಾರೆ ಮೇಸ್ತ್ರಿ ಗೋಡೆಯನ್ನು ಒಮ್ಮೆ ಬೆರಳ ಗೆಣ್ಣಿನಿಂದ ತಟ್ಟಿ ನೋಡಿ ಹೇಳಿದ ಮಾತು ಈ ಪ್ರಕರಣದಲ್ಲಿ ನಾವು ಕೇಳಿದ ಅತ್ಯಂತ ತೂಕದ ಮಾತು. “ಕೊರೆಯೋದು ದೊಡ್ಡ ವಿಷಯ ಅಲ್ಲ ಸಾರ್. ಆದ್ರೆ ಕೊರೆದ ಮೇಲೆ ಆ ಕಡೆ ಉಳಿಯೋದು ಒಂದು ಇಂಚು ಇಟ್ಟಿಗೆ, ಅದರ ಮೇಲೆ ಗಾರೆ. ಅಜ್ಜಿ ರೂಮಲ್ಲಿ ಮೊಳೆ ಹೊಡೆದ್ರೂ ಈ ಕಡೆ ಬಂದುಬಿಡುತ್ತೆ.”

ಅವರ ಲೆಕ್ಕ ನಿಖರವಾಗಿತ್ತು. ಗೋಡೆಯ ಒಟ್ಟು ದಪ್ಪ ಎರಡೂ ಕಡೆಯ ಪ್ಲಾಸ್ಟರಿಂಗ್ ಸೇರಿ ಸುಮಾರು 140 ಮಿ.ಮೀ.; ಸ್ಪೀಕರಿಗೆ ಕನಿಷ್ಠ ಬೇಕಾದ ಆಳ 90 ಮಿ.ಮೀ.; ಅಯಸ್ಕಾಂತ ಹಿಂದಿನ ಇಟ್ಟಿಗೆಗೆ ತಾಗದಿರಲೆಂದು ಇನ್ನೂ ಐದು ಮಿ.ಮೀ. ಬಿಟ್ಟರೆ ಹಿಂಬದಿಯಲ್ಲಿ ಉಳಿಯುವುದು 45 ಮಿ.ಮೀ. ಮಾತ್ರ. ಗೋಡೆಯೊಂದು ಶಬ್ದವನ್ನು ತಡೆಯುವುದು ಮುಖ್ಯವಾಗಿ ತನ್ನ ತೂಕದಿಂದ. ಎರಡು ಕಡೆ ಸ್ಪೀಕರಿನ ಬೆನ್ನಿಗೇ ಗೋಡೆಯನ್ನು ಮೂರನೇ ಒಂದು ಭಾಗಕ್ಕೆ ಇಳಿಸಿದರೆ, ಉಳಿದ ಗೋಡೆ ಎಷ್ಟೇ ಗಟ್ಟಿಯಾಗಿದ್ದರೂ ಶಬ್ದ ಆ ಎರಡು ಜಾಗಗಳಿಂದಲೇ ಪಕ್ಕದ ಕೋಣೆಗೆ ದಾಟುತ್ತದೆ. ಅಜ್ಜಿಯ ಮಂಚದ ತಲೆಭಾಗ ಇದ್ದದ್ದು ಆ ಗೋಡೆಗೇ. ಇದರ ಜೊತೆಗೆ, ಬಲಗಡೆಯ ಸ್ಪೀಕರ್ ಬರಬೇಕಾಗಿದ್ದ ಜಾಗದಲ್ಲಿಯೇ ಕೋಣೆಯ ಸ್ವಿಚ್‌ಬೋರ್ಡಿಗೆ ಇಳಿಯುವ ಕನ್ಸೀಲ್ಡ್ ಪೈಪ್ ಇರುವುದು ಡಿಟೆಕ್ಟರ್ ಹಿಡಿದಾಗ ಗೊತ್ತಾಯಿತು.

ಹಾಗಿದ್ದರೆ ಒಂಬತ್ತು ಇಂಚಿನ ಗೋಡೆಯಲ್ಲಿ ಕೊರೆಯಬಹುದಲ್ಲ ಎಂದು ಯಜಮಾನರು ಕೇಳಿದರು. ಅದು ಭಾರ ಹೊತ್ತ ಗೋಡೆ. ಇಟ್ಟಿಗೆ ಕಟ್ಟಡಗಳ ಭಾರತೀಯ ಸಂಹಿತೆಯಾದ ಐ.ಎಸ್. 1905, ಇಂಥ ಗೋಡೆಯಲ್ಲಿ ಪೈಪು ಹಾಕಲು ಲಂಬವಾಗಿ ಕೊರೆಯುವ ಸೀಳು ಗೋಡೆಯ ದಪ್ಪದ ಮೂರನೇ ಒಂದಕ್ಕಿಂತ, ಅಡ್ಡಲಾಗಿ ಕೊರೆಯುವ ಸೀಳು ಆರನೇ ಒಂದಕ್ಕಿಂತ ಆಳವಾಗಬಾರದು ಎನ್ನುತ್ತದೆ. 230 ಮಿ.ಮೀ. ಗೋಡೆಯಲ್ಲಿ ಮೂರನೇ ಒಂದು ಎಂದರೆ 76 ಮಿ.ಮೀ. ಪೈಪು ಹಾಕುವ ಕಿರಿದಾದ ಸೀಳಿಗೇ ಇಷ್ಟು ಮಿತಿ ಇರುವಾಗ, ಒಂದಡಿ ಎತ್ತರ, ಮುಕ್ಕಾಲು ಅಡಿ ಅಗಲ, ಸುಮಾರು ನಾಲ್ಕು ಇಂಚು ಆಳದ ಗೂಡನ್ನು ಲಿಂಟಲ್ ಇಲ್ಲದೆ ಕೊರೆಯುವುದನ್ನು ನಾನು ಯಾವ ಮನೆಯಲ್ಲಿಯೂ ಒಪ್ಪುವುದಿಲ್ಲ. ಅಲ್ಲದೆ ಆ ಗೋಡೆ ಪಶ್ಚಿಮಕ್ಕಿದ್ದು, ಮುಂಗಾರಿನ ಮಳೆ ನೇರವಾಗಿ ಬಡಿಯುವಂಥದ್ದು. ಅದರ ತೇವ ವೂಫರಿನಲ್ಲಿ ಅದುರಿ ಶಬ್ದ ಹೊರಡಿಸುವ ಕಾಗದದ ಕೋನಿಗೂ ಒಳ್ಳೆಯದಲ್ಲ, ತಂತಿಯ ಜೋಡಣೆಗಳಿಗೂ ಒಳ್ಳೆಯದಲ್ಲ.

ಐದು ಲೀಟರ್ ಗಾಳಿ ಮಾಡುವ ಅನಾಹುತ

ಗೋಡೆಯ ಬಲ ಮತ್ತು ಅಜ್ಜಿಯ ನಿದ್ದೆ ಎರಡನ್ನೂ ಪಕ್ಕಕ್ಕಿಟ್ಟರೂ ಗೂಡು ಕೊರೆಯುವ ಯೋಜನೆ ನಾದದ ದೃಷ್ಟಿಯಿಂದಲೇ ಸೋಲುತ್ತಿತ್ತು. ಅಳವಡಿಸುವವರು ಸಾಮಾನ್ಯವಾಗಿ ಲೆಕ್ಕ ಹಾಕದೇ ಬಿಡುವ ವಿಷಯ ಇದಾದ್ದರಿಂದ ಸ್ವಲ್ಪ ವಿಸ್ತರಿಸುತ್ತೇನೆ.

ವೂಫರಿನ ಕೋನು ಮುಂದೆ ಎಷ್ಟು ಗಾಳಿಯನ್ನು ತಳ್ಳುತ್ತದೆಯೋ ಹಿಂದೆಯೂ ಅಷ್ಟನ್ನೇ ತಳ್ಳುತ್ತದೆ. ಹಿಂದಿನ ಗಾಳಿ ಮುಂದಿನದರೊಡನೆ ಬೆರೆತರೆ ಮಂದ್ರ ಸ್ವರಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಆದ್ದರಿಂದ ಹಿಂಬದಿಯನ್ನು ಮುಚ್ಚಬೇಕು. ಮುಚ್ಚಿದ ಜಾಗ ಚಿಕ್ಕದಾದಷ್ಟೂ ಒಳಗಿನ ಗಾಳಿ ಬಿಗಿಯಾದ ಸ್ಪ್ರಿಂಗ್ ಆಗುತ್ತದೆ. ಸೈಕಲ್ ಪಂಪಿನ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿಕೆಯನ್ನು ತಳ್ಳಿದಾಗ ಅದು ಹಿಂದಕ್ಕೆ ಒದೆಯುತ್ತದಲ್ಲ, ಕೋನಿಗೆ ಆಗುವುದೂ ಅದೇ. ಆಗ ಸ್ಪೀಕರಿನ ಅನುರಣನ ಆವರ್ತನ, ಅಂದರೆ ಕೋನು ತಾನಾಗಿಯೇ ಅದುರಲು ಒಲಿಯುವ ವೇಗ, ಮೇಲಕ್ಕೇರುತ್ತದೆ. ಆ ಆವರ್ತನದ ಸುತ್ತ ಕೋನಿನ ಮೇಲೆ ಹಿಡಿತ ತಪ್ಪುತ್ತದೆ.

ಈ ಸ್ಪೀಕರುಗಳ ಕೈಪಿಡಿಯಲ್ಲಿ ವೂಫರಿನ ಮಾನಗಳು ಇರಲಿಲ್ಲ. ಆದ್ದರಿಂದ ಒಂದು ಪ್ರತಿರೋಧಕ, ಲ್ಯಾಪ್‌ಟಾಪ್ ಮತ್ತು ಕೋನಿನ ಮೇಲೆ ತಾತ್ಕಾಲಿಕವಾಗಿ ಅಂಟಿಸಿದ ಗೊತ್ತಿರುವ ತೂಕದ ನೆರವಿನಿಂದ ನಾವೇ ಅಳೆದುಕೊಂಡೆವು. ಆರೂವರೆ ಇಂಚಿನ ಆ ವೂಫರಿನ ಅನುರಣನ ಆವರ್ತನ 45 ಹರ್ಟ್ಸ್ (ಸೆಕೆಂಡಿಗೆ 45 ಅದುರು), ಒಟ್ಟು ಕ್ಯೂ ಮಾನ (ಇದು ಹೆಚ್ಚಿದಷ್ಟೂ ಕೋನಿನ ಮೇಲಿನ ಹಿಡಿತ ಕಡಿಮೆ) 0.55, ಅದರ ಸಡಿಲತೆಗೆ ಸಮನಾದ ಗಾಳಿಯ ಗಾತ್ರ ಸುಮಾರು 20 ಲೀಟರ್ ಎಂದು ಬಂದಿತು. ಮುಚ್ಚಿದ ಪೆಟ್ಟಿಗೆಯಲ್ಲಿ ಈ ಮೊದಲ ಎರಡು ಮಾನಗಳೂ ಒಂದೇ ಅಂಶದಿಂದ ಏರುತ್ತವೆ: ಆ ಸಮಗಾತ್ರವನ್ನು ಪೆಟ್ಟಿಗೆಯ ಗಾತ್ರದಿಂದ ಭಾಗಿಸಿ, ಒಂದನ್ನು ಕೂಡಿಸಿ, ವರ್ಗಮೂಲ ತೆಗೆದರೆ ಆ ಅಂಶ ಸಿಗುತ್ತದೆ.

ಟೆಕ್ಸಸ್‌ನ 80 ಲೀಟರಿನ ಗೋಡೆಯಲ್ಲಿ ಅದು 1.12. ಅಲ್ಲಿ ಅನುರಣನ 50 ಹರ್ಟ್ಸ್, ಕ್ಯೂ ಸುಮಾರು 0.61, ನಾದ ಬಿಗಿಯಾಗಿ, ನಿರಾಳವಾಗಿ ಬರುತ್ತದೆ. ಮೈಸೂರಿನ ಗೂಡು 21 ಸೆಂ.ಮೀ. ಅಗಲ, 30 ಸೆಂ.ಮೀ. ಎತ್ತರ, 9.5 ಸೆಂ.ಮೀ. ಆಳದ್ದು, ಸ್ಪೀಕರೇ ತುಂಬಿಕೊಳ್ಳುವ ಜಾಗ ಕಳೆದರೆ ಉಳಿಯುವ ಗಾಳಿ ಐದು ಲೀಟರ್. ಅಲ್ಲಿ ಆ ಅಂಶ 2.24ಕ್ಕೆ ಜಿಗಿದು, ಅನುರಣನ 100 ಹರ್ಟ್ಸ್‌ಗೂ ಕ್ಯೂ 1.23ಕ್ಕೂ ಏರುತ್ತವೆ. ಪರಿಣಾಮವಾಗಿ 120 ಹರ್ಟ್ಸ್ ಸುತ್ತಮುತ್ತ ಎರಡೂವರೆ ಡೆಸಿಬಲ್ಲಿಗೂ ಹೆಚ್ಚಿನ ಒಂದು ಉಬ್ಬು ಏಳುತ್ತದೆ, ಅದರ ಕೆಳಗೆ ಸ್ವರಗಳು ಬೇಗನೆ ಕುಸಿಯುತ್ತವೆ. ಗಂಡಸರ ಹಾಡುಗಾರಿಕೆಯ ಆಧಾರ ಷಡ್ಜ ಬರುವುದು ಸರಿಯಾಗಿ ಆ ಉಬ್ಬಿನ ಜಾಗದಲ್ಲಿ. ಷಡ್ಜದಲ್ಲಿ ನಿಂತಾಗಲೆಲ್ಲ ಕಂಠ ಗುಂಯ್‌ಗುಡುತ್ತದೆ, ಮೃದಂಗದ ತೊಪ್ಪಿಯ ಗುಂಕಿ ಬಿಡಿಸಿಕೊಳ್ಳದೆ ಮಸಕಾಗುತ್ತದೆ. ಸಿನಿಮಾದ ಸದ್ದಿಗೆ ಇದು ಭರ್ಜರಿ ಎನಿಸಲೂಬಹುದು. ಆದರೆ ಪ್ರತಿದಿನ ಆಲಾಪನೆ ಕೇಳುವ ಕಿವಿಗೆ ಇದು ಹಿಂಸೆ. ಆಂಪ್ಲಿಫೈಯರಿನ ಈಕ್ವಲೈಸರಿನಿಂದ ಉಬ್ಬನ್ನು ತಗ್ಗಿಸಬಹುದೆಂಬ ಸಲಹೆ ಬರುವುದುಂಟು. ತಗ್ಗಿಸಬಹುದು ನಿಜ, ಆದರೆ ಅದರ ಕೆಳಗೆ ಕುಸಿದದ್ದನ್ನು ಎತ್ತಿ ನಿಲ್ಲಿಸಲು ಹೋದರೆ ಕೋನು ತನ್ನ ಮಿತಿ ಮೀರಿ ಆಡಬೇಕಾಗುತ್ತದೆ. ಮರದ ಕೆಲಸದಲ್ಲಿ ಸರಿಹೋಗುವುದನ್ನು ವಿದ್ಯುತ್ತಿನಿಂದ ಸರಿಮಾಡಲು ಹೊರಡುವುದು ದುಬಾರಿಯ ದಾರಿ.

ಪೆಟ್ಟಿಗೆ 20 ಲೀಟರಿನದಾದರೆ ಅಂಶ 1.41, ಅನುರಣನ 64 ಹರ್ಟ್ಸ್, ಕ್ಯೂ 0.78. ಉಬ್ಬು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಅದಕ್ಕಿಂತ ಕೆಳಗಿನ ಸ್ವರಗಳನ್ನು ಹೇಗೂ ಅವುಗಳಿಗೆಂದೇ ಇರುವ ಪ್ರತ್ಯೇಕ ಸ್ಪೀಕರಾದ ಸಬ್‌ವೂಫರಿಗೆ ವಹಿಸುವುದಿತ್ತು. ಆದ್ದರಿಂದ 20 ಲೀಟರ್ ಎಂದು ನಿರ್ಧರಿಸಿದೆವು. ಗೋಡೆಯನ್ನು ಮುಟ್ಟದೆ, ಅದರ ಮುಂದೆ 15 ಸೆಂ.ಮೀ. ದಪ್ಪದ ಇನ್ನೊಂದು ಗೋಡೆ ಕಟ್ಟುವುದೆಂದಾಯಿತು. ಹದಿನೆಂಟು ಅಡಿ ಉದ್ದದ ಹಾಲ್‌ನಲ್ಲಿ ಅರ್ಧ ಅಡಿ ಬಿಟ್ಟುಕೊಡಲು ಮನೆಯವರು ಸ್ವಲ್ಪ ಯೋಚಿಸಿ ಒಪ್ಪಿದರು. ಟಿ.ವಿ.ಯ ಕೆಳಗಿದ್ದ ಹಳೆಯ ಯುನಿಟ್ಟು ತಿನ್ನುತ್ತಿದ್ದ ಜಾಗ ಅದಕ್ಕಿಂತ ಹೆಚ್ಚಿತ್ತು.

ಮುಂಗೋಡೆಯ ನಿರ್ಮಾಣ

ಚೌಕಟ್ಟಿಗೆ ಮರ ಬೇಡವೆಂದು ಜಿ.ಐ. (ಸತು ಲೇಪದ ಕಬ್ಬಿಣ) ಚಾನೆಲ್ಲುಗಳನ್ನು ಬಳಸಿದೆವು; ಗೆದ್ದಲಿನ ಚಿಂತೆ ಅಲ್ಲಿಗೆ ಮುಗಿಯಿತು. ಫಾಲ್ಸ್ ಸೀಲಿಂಗ್ ಕೆಲಸದವರು ಸಾಮಾನ್ಯವಾಗಿ ಎರಡಡಿಗೊಂದು ಕಂಬ ನಿಲ್ಲಿಸುತ್ತಾರೆ. ಸ್ಪೀಕರ್ ಇರುವ ಗೋಡೆಗೆ ಅದು ಸಾಲದು, ಬೋರ್ಡು ಅದುರುತ್ತದೆ. ಹದಿನಾರು ಇಂಚಿಗೊಂದರಂತೆ ನಿಲ್ಲಿಸಿ, ಬೋರ್ಡಿನ ಹಿಂದೆ 12 ಮಿ.ಮೀ. ಪ್ಲೈವುಡ್ಡಿನ ಪದರವನ್ನೂ ಕೊಟ್ಟೆವು. ಪ್ಲೈವುಡ್ಡಿನ ಮೇಲೆ 12.5 ಮಿ.ಮೀ. ಜಿಪ್ಸಂ ಬೋರ್ಡ್. ಇವೆರಡರ ಒಟ್ಟು ದಪ್ಪ ಸ್ಪೀಕರಿನ ಕ್ಲಿಪ್ಪಿನ ಹಿಡಿತಕ್ಕೆ ಒಗ್ಗುವುದನ್ನು ಮೊದಲೇ ಒಂದು ತುಂಡು ಹಲಗೆಯಲ್ಲಿ ಪರೀಕ್ಷಿಸಿದ್ದೆವು.

ಪೆಟ್ಟಿಗೆಗಳನ್ನು ಬಡಗಿ 18 ಮಿ.ಮೀ. ಪ್ಲೈವುಡ್ಡಿನಲ್ಲಿ ಮಾಡಿಕೊಟ್ಟರು. ಒಳಅಳತೆ 36 ಸೆಂ.ಮೀ. ಅಗಲ, 55 ಸೆಂ.ಮೀ. ಎತ್ತರ, 10.5 ಸೆಂ.ಮೀ. ಆಳ, ಸ್ಪೀಕರಿನ ಜಾಗ ಕಳೆದರೆ 20 ಲೀಟರ್. ಹಿಂಬದಿಯ ಹಲಗೆಗೆ ಅಡ್ಡಪಟ್ಟಿ ಕೊಟ್ಟು ಬಿಗಿಗೊಳಿಸಲಾಯಿತು. ಒಳಮೂಲೆಗಳಿಗೆಲ್ಲ ಫೆವಿಕಾಲ್ ಮತ್ತು ಮರದ ಪುಡಿಯ ಲಪ್ಪ, ತಂತಿ ಹೊರಬರುವ ತೂತಿಗೆ ಸಿಲಿಕಾನ್. ಗಾಳಿ ಸೋರದಿರುವುದು ಇಲ್ಲಿ ಎಷ್ಟು ಮುಖ್ಯವೆಂಬುದನ್ನು ಬಡಗಿಗೆ ತೋರಿಸಲು ಸ್ಪೀಕರನ್ನು ತಾತ್ಕಾಲಿಕವಾಗಿ ಬಿಗಿದು, ವೂಫರಿನ ಕೋನನ್ನು ಎರಡು ಬೆರಳಿನಿಂದ ಮೆಲ್ಲಗೆ ಒತ್ತಿ ಬಿಟ್ಟೆವು. ಮೊದಲ ಪೆಟ್ಟಿಗೆಯಲ್ಲಿ ಅದು ಥಟ್ಟನೆ ವಾಪಸಾಯಿತು. ಒಂದು ಮೂಲೆಯಲ್ಲಿ ಸಂದು ಉಳಿದಿತ್ತು. ಅದನ್ನು ಮುಚ್ಚಿದ ಮೇಲೆ ಒತ್ತಿದಾಗ ಕೋನು ತಡವರಿಸಿಕೊಂಡು ನಿಧಾನವಾಗಿ ತನ್ನ ಜಾಗಕ್ಕೆ ಮರಳಿತು. ಬಡಗಿ ಅದನ್ನು ತಾವೇ ಮತ್ತೊಮ್ಮೆ ಒತ್ತಿ ನೋಡಿ, ಎರಡನೆಯ ಪೆಟ್ಟಿಗೆಯನ್ನು ಹೇಳಿಸಿಕೊಳ್ಳದೆಯೇ ಸರಿಯಾಗಿ ಮಾಡಿದರು.

ಪೆಟ್ಟಿಗೆಯ ಬೆನ್ನು ಇಟ್ಟಿಗೆ ಗೋಡೆಗೆ ನೇರವಾಗಿ ಅಂಟದಂತೆ ರಬ್ಬರಿನ ಪಟ್ಟಿ ಕೊಟ್ಟು, ಭಾರವನ್ನೆಲ್ಲ ಜಿ.ಐ. ಚೌಕಟ್ಟಿನ ಮೇಲೆ ಬಿಟ್ಟೆವು. ಉಳಿದ ಪೊಳ್ಳಿಗೆ ಶಬ್ದ ಹೀರುವ ರಾಕ್‌ವೂಲ್ (ಕಲ್ಲಿನ ಎಳೆಗಳ ಉಣ್ಣೆ) ತುಂಬಲಾಯಿತು. ಇಟ್ಟಿಗೆ ಗೋಡೆ ಇಡಿಯಾಗಿ ಉಳಿದದ್ದರಿಂದ, ಅದರ ಮುಂದೆ ಪೊಳ್ಳು ಮತ್ತು ರಾಕ್‌ವೂಲ್ ಸೇರಿದ್ದರಿಂದ, ಅಜ್ಜಿಯ ಕೋಣೆಗೆ ಹೋಗುವ ಸದ್ದು ಮೊದಲು ಟಿ.ವಿ.ಯದೇ ಹೋಗುತ್ತಿದ್ದುದಕ್ಕಿಂತ ಕಡಿಮೆಯಾಯಿತು. ಪೆಟ್ಟಿಗೆಯೊಳಗೆ ತುಂಬಿದ್ದು ಮಾತ್ರ ದಿಂಬಿಗೆ ಬಳಸುವ ಪಾಲಿಯೆಸ್ಟರ್ ಹತ್ತಿ. ರಾಕ್‌ವೂಲಿನ ಎಳೆಗಳು ವೂಫರಿನ ಸುರುಳಿಯ ಸಂದಿಗೆ ಸೇರಬಾರದೆಂಬ ಕಾರಣಕ್ಕೆ.

ಸ್ಪೀಕರುಗಳ ಜಾಗವನ್ನು ನಿರ್ಧರಿಸಿದ್ದು ಸೋಫಾದಿಂದ. ಕುಳಿತವರ ಕಿವಿಯಿಂದ ಹೊಸ ಗೋಡೆಗೆ 3.4 ಮೀ. ದೂರ. ಎಡ ಮತ್ತು ಬಲ ಸ್ಪೀಕರುಗಳು ಕೇಳುಗರ ನೇರ ನೋಟದಿಂದ 22ರಿಂದ 30 ಡಿಗ್ರಿ ಆಚೀಚೆ ಇರಬೇಕೆಂದು ಧ್ವನಿ ತಂತ್ರಜ್ಞಾನದ ಸಂಸ್ಥೆ ಡಾಲ್ಬಿ ಹೇಳುತ್ತದೆ. ಗೋಡೆಯ ಅಗಲ ನಾಲ್ಕು ಮೀಟರ್ ಮಾತ್ರ. 30 ಡಿಗ್ರಿಗೆ ಹೋದರೆ ಸ್ಪೀಕರುಗಳು ಪಕ್ಕದ ಗೋಡೆಗೇ ಅಂಟುತ್ತಿದ್ದವು. ಎರಡರ ನಡುವೆ ಮೂರು ಮೀಟರ್ ಇಟ್ಟು 24 ಡಿಗ್ರಿಗೆ ನಿಲ್ಲಿಸಿದೆವು, ಪಕ್ಕದ ಗೋಡೆಯಿಂದ ಅರ್ಧ ಮೀಟರ್ ದೂರ ಸಿಕ್ಕಿತು. ಎತ್ತರದ ವಿಷಯದಲ್ಲಿ ಕೈಪಿಡಿಗಳು ಹೇಳದ ಒಂದು ಸಂಗತಿ ಎದುರಾಯಿತು. ಯಜಮಾನರು ಸೋಫಾದಲ್ಲಿ ಕೂರುತ್ತಾರೆ. ಮನೆಯೊಡತಿ ಸಂಗೀತ ಕೇಳುವುದು ನೆಲದ ಮೇಲೆ ಚಾಪೆ ಹಾಸಿಕೊಂಡು, ಹೂ ಕಟ್ಟುತ್ತಲೋ ತರಕಾರಿ ಹೆಚ್ಚುತ್ತಲೋ. ಇಬ್ಬರ ಕಿವಿಯ ಎತ್ತರಕ್ಕೂ ಒಂದಡಿಯಷ್ಟು ವ್ಯತ್ಯಾಸ. ಟ್ವೀಟರನ್ನು ನೆಲದಿಂದ 90 ಸೆಂ.ಮೀ. ಎತ್ತರಕ್ಕೆ ತಂದು, ಅದರ ಮುಖವನ್ನು ಒಳಮುಖವಾಗಿ ಸೋಫಾದ ಕಡೆಗೆ ತಿರುಗಿಸಿದ ಮೇಲೆ ಎರಡೂ ಜಾಗದಲ್ಲಿ ಪಿಟೀಲಿನ ಹೊಳಪು ಒಂದೇ ತೆರನಾಗಿ ಕೇಳಿತು.

ಮೂರನೆಯ ಸ್ಪೀಕರನ್ನು ಮಗ ತಂದದ್ದು ಟಿ.ವಿ. ಕೆಳಗೆ ನಡುವಿನ ಸ್ಪೀಕರಾಗಲೆಂದು. ಅಲ್ಲಿ ಅದನ್ನು ಅಡ್ಡ ಮಲಗಿಸಬೇಕಾಗುತ್ತಿತ್ತು, ಟ್ವೀಟರ್ ಮೊಣಕಾಲಿನ ಎತ್ತರಕ್ಕೆ ಇಳಿಯುತ್ತಿತ್ತು. ಕೇಳುವವರು ಇಬ್ಬರೇ, ಕೂರುವುದು ನಡುವೆಯೇ ಆದ್ದರಿಂದ ಎರಡು ಸ್ಪೀಕರುಗಳಿಂದಲೇ ಕಂಠ ಪರದೆಯ ನಟ್ಟನಡುವಿನಿಂದ ಬಂದಂತೆ ಕೇಳುತ್ತದೆ. ಅದನ್ನು ಬಿಡಿಭಾಗವಾಗಿ ಎತ್ತಿಡಲು ಹೇಳಿದೆವು. ಇಲ್ಲಿ ಮಾರಾಟಕ್ಕಿಲ್ಲದ ಮಾದರಿಯ ವೂಫರು ಎಂದಾದರೂ ಕೆಟ್ಟರೆ ಅದರ ಬೆಲೆ ಗೊತ್ತಾಗುತ್ತದೆ.

ತಂತಿ ಮತ್ತು ವಿದ್ಯುತ್ತು

ಮಗ ತನ್ನ ಹಳೆಯ ರಿಸೀವರನ್ನೂ (ಆಂಪ್ಲಿಫೈಯರ್ ಒಳಗೊಂಡ ಉಪಕರಣ) ಕಳುಹಿಸುವುದಾಗಿ ಹೇಳಿದ್ದರು. ಅಮೆರಿಕದಲ್ಲಿ ಕೊಂಡ ಆಂಪ್ಲಿಫೈಯರುಗಳು ಸಾಮಾನ್ಯವಾಗಿ 120 ವೋಲ್ಟಿನವು. ಇಲ್ಲಿನ 230 ವೋಲ್ಟಿಗೆ ಸಿಕ್ಕಿಸಿದರೆ ಸುಟ್ಟುಹೋಗುತ್ತವೆ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಹಾಕಬಹುದಾದರೂ ಅದರ ಗುಂಯ್‌ಕಾರವನ್ನು ಹಾಲ್‌ನಲ್ಲಿ ಇಟ್ಟುಕೊಳ್ಳುವುದಕ್ಕಿಂತ ಇಲ್ಲಿಯೇ ಒಂದು ಆಂಪ್ಲಿಫೈಯರ್ ಕೊಳ್ಳುವುದು ಲೇಸೆಂದು ಹೇಳಿದೆವು. ಸ್ಪೀಕರುಗಳಿಗೆ ಈ ತೊಂದರೆ ಇಲ್ಲ. ಅವು ಮನೆಯ ವಿದ್ಯುತ್ತನ್ನು ನೇರವಾಗಿ ಬಳಸುವುದಿಲ್ಲ.

ಸ್ಪೀಕರಿನ ತಂತಿಯ ಬಗ್ಗೆ ಮಾರುಕಟ್ಟೆಯಲ್ಲಿ ಬಹಳ ಮಾತುಗಳಿವೆ. ಲೆಕ್ಕ ಮಾತ್ರ ಚಿಕ್ಕದು. ತಂತಿಯ ಹೋಗಿಬರುವ ಒಟ್ಟು ಪ್ರತಿರೋಧ ಸ್ಪೀಕರಿನ ಪ್ರತಿಬಾಧೆಯ (ಇಂಪೀಡೆನ್ಸ್) ನೂರಕ್ಕೆ ಐದನ್ನು ಮೀರದಿದ್ದರೆ ಸಾಕು. ಎಂಟು ಓಮಿನ ಸ್ಪೀಕರಿಗೆ ಅದು 0.4 ಓಮ್. 2.5 ಚದರ ಮಿ.ಮೀ. ತಾಮ್ರದ ತಂತಿಯಲ್ಲಿ ಮೀಟರಿಗೆ ಸುಮಾರು 0.008 ಓಮ್ ಇರುತ್ತದೆ. ಮುಂದಿನ ಸ್ಪೀಕರುಗಳಿಗೆ ಬೇಕಾದದ್ದು ಆರು ಮೀಟರ್, ಹೋಗಿಬರಲು ಹನ್ನೆರಡು; 0.1 ಓಮ್ ಕೂಡ ಆಗುವುದಿಲ್ಲ. ಮುಂದೆಂದಾದರೂ ಹಿಂಬದಿಯ ಸ್ಪೀಕರುಗಳು ಬಂದರೆಂದು ಹಿಂದಿನ ಗೋಡೆಗೆ ಎಳೆದ 14 ಮೀಟರಿಗೂ ಅದೇ ತಂತಿಯಲ್ಲಿ 0.22 ಓಮ್, ಒಂದು ಚದರ ಮಿ.ಮೀ. ತಂತಿ ಹಾಕಿದ್ದರೆ ಅದು 0.55ಕ್ಕೆ ಹೋಗಿ ಮಿತಿ ದಾಟುತ್ತಿತ್ತು. ಶುದ್ಧ ತಾಮ್ರದ, ಬೆಂಕಿ ಹರಡದ ಹೊದಿಕೆಯ ತಂತಿಯಾದರೆ ಸಾಕು. ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ ತಂತಿಯನ್ನು ಮಾತ್ರ ಮುಚ್ಚಿದ ಗೋಡೆಯೊಳಗೆ ಹಾಕಬಾರದು.

ತಂತಿಗಳನ್ನು ಬರಿದಾಗಿ ಬಿಡದೆ 25 ಮಿ.ಮೀ. ಪಿ.ವಿ.ಸಿ. ಪೈಪಿನಲ್ಲಿ ಎಳೆದೆವು. ಇಲಿ ಕಚ್ಚುವ ಭಯವೂ ಇಲ್ಲ, ಮುಂದೆ ತಂತಿ ಬದಲಿಸಬೇಕಾದರೆ ಗೋಡೆ ಒಡೆಯಬೇಕಾಗಿಯೂ ಇಲ್ಲ. ಎಲೆಕ್ಟ್ರಿಷಿಯನ್ ಕೆಲಸ ಉಳಿಸಲೆಂದು ಟಿ.ವಿ.ಯ ಮೇನ್ಸ್ ತಂತಿಯನ್ನೂ ಅದೇ ಪೈಪಿನಲ್ಲಿ ಎಳೆಯಲು ಹೊರಟಿದ್ದರು. ಗುಂಯ್‌ಕಾರದ ಮಾತು ಹಾಗಿರಲಿ, 230 ವೋಲ್ಟಿನ ತಂತಿಯ ಹೊದಿಕೆ ಎಂದಾದರೂ ಸುಲಿದು ಸ್ಪೀಕರಿನ ತಂತಿಗೆ ತಾಗಿದರೆ ಆಂಪ್ಲಿಫೈಯರಿನ ಹಿಂಬದಿಯ ಟರ್ಮಿನಲ್ ಮುಟ್ಟಿದವರ ಪ್ರಾಣಕ್ಕೇ ಅಪಾಯ. ಎರಡಕ್ಕೂ ಬೇರೆ ಪೈಪು, ನಡುವೆ ಒಂದಡಿ ಅಂತರ, ದಾಟಲೇಬೇಕಾದ ಕಡೆ ಅಡ್ಡಡ್ಡ ದಾಟುವುದು ಎಂದು ಗೋಡೆಯ ಮೇಲೆಯೇ ಸೀಮೆಸುಣ್ಣದಿಂದ ಗುರುತು ಹಾಕಿಕೊಟ್ಟೆವು.

ಬೋರ್ಡು ಮುಚ್ಚುವ ಮೊದಲು

ಈ ಹಂತಕ್ಕೆ ಕೊಟ್ಟ ಸಮಯ ಎಲ್ಲಕ್ಕಿಂತ ಹೆಚ್ಚು ಪ್ರಯೋಜನಕ್ಕೆ ಬಂದಿತು. ಮೊದಲು ಮಲ್ಟಿಮೀಟರ್: ಸ್ಪೀಕರಿನ ಟರ್ಮಿನಲ್ಲಿನಲ್ಲಿ 6.1 ಓಮ್, ಆಂಪ್ಲಿಫೈಯರಿನ ಕಡೆಯ ತುದಿಯಲ್ಲಿ 6.2. ಎಂಟು ಓಮಿನ ಸ್ಪೀಕರಿನ ನೇರ ಪ್ರತಿರೋಧ ಇಷ್ಟೇ ಇರುತ್ತದೆ. ಇದನ್ನು ಕಂಡು ಗಾಬರಿಯಾಗಬೇಕಿಲ್ಲ. ಅನಂತರ ಗಡಿಯಾರದ ಒಂದೂವರೆ ವೋಲ್ಟಿನ ಸೆಲ್ಲನ್ನು ತಂತಿಯ ತುದಿಗೆ ಕ್ಷಣಮಾತ್ರ ತಾಗಿಸಿ ನೋಡಿದೆವು. ಧನ ತುದಿ ಸರಿಯಾಗಿದ್ದರೆ ಕೋನು ಹೊರಕ್ಕೆ ಜಿಗಿಯುತ್ತದೆ. ಎರಡೂ ಸ್ಪೀಕರುಗಳಲ್ಲಿ ಜಿಗಿತ ಒಂದೇ ದಿಕ್ಕಿಗಿರಬೇಕು. ಒಂದು ಉಲ್ಟಾ ಆದರೆ ಮಂದ್ರ ಸ್ವರಗಳು ಮಾಯವಾಗಿ ಕಂಠ ಎಲ್ಲಿಂದ ಬರುತ್ತಿದೆ ಎಂದು ತಿಳಿಯದಂತಾಗುತ್ತದೆ.

ಕೊನೆಗೆ 30 ಹರ್ಟ್ಸ್‌ನಿಂದ 300 ಹರ್ಟ್ಸ್‌ವರೆಗೆ ನಿಧಾನವಾಗಿ ಏರುವ ಒಂಟಿ ಸ್ವರವನ್ನು, ತುಸು ಜೋರಾಗಿಯೇ, ನುಡಿಸಿದೆವು. ಸುಮಾರು 70 ಹರ್ಟ್ಸ್ ಬಂದಾಗ ಕಿರಿಕಿರಿ ಸದ್ದು ಎದ್ದಿತು. ಒಬ್ಬರು ಸ್ವರವನ್ನು ಅಲ್ಲಿಯೇ ನಿಲ್ಲಿಸಿ ಹಿಡಿದರು, ಇನ್ನೊಬ್ಬರು ಅಂಗೈಯಿಂದ ಪ್ಲೈವುಡ್, ಚಾನೆಲ್, ಪೈಪು ಎಂದು ಒಂದೊಂದನ್ನೂ ಒತ್ತುತ್ತ ಹೋದರು. ಒಂದು ಕಡೆ ಪೈಪು ಚಾನೆಲ್ಲಿಗೆ ಬಡಿಯುತ್ತಿತ್ತು, ಅಲ್ಲಿ ಫೋಮ್ ಪಟ್ಟಿ ಸುತ್ತಿದೆವು. ಸದ್ದು ಅರ್ಧ ಇಳಿಯಿತು, ಆದರೆ ಪೂರ್ತಿ ನಿಲ್ಲಲಿಲ್ಲ. ಕಾಫಿ ತಂದ ಮನೆಯೊಡತಿ ಸೋಫಾದ ಪಕ್ಕದ ಶೋಕೇಸಿನತ್ತ ಹೋಗಿ ಅದರ ಗಾಜಿನ ಬಾಗಿಲಿನ ಮೇಲೆ ಕೈಯಿಟ್ಟರು, ಸದ್ದು ನಿಂತಿತು. ಒಳಗೆ ಹಿತ್ತಾಳೆಯ ಜೋಡಿ ದೀಪಗಳು ಗಾಜಿನ ತಟ್ಟೆಯ ಮೇಲೆ ನಡುಗುತ್ತಿದ್ದವು. ದೀಪಗಳ ಕೆಳಗೆ ಫೆಲ್ಟ್ ಬಟ್ಟೆ, ಬಾಗಿಲಿನ ಅಂಚಿಗೆ ತೆಳ್ಳನೆಯ ರಬ್ಬರ್ ಕೊಟ್ಟ ಮೇಲೆ ಇಡೀ ಸ್ವರಶ್ರೇಣಿ ಶುದ್ಧವಾಗಿ ಹಾದುಹೋಯಿತು. ಈ ಪರೀಕ್ಷೆ ಮಾಡದೆ ಮುಚ್ಚಿದ್ದರೆ ಶೋಕೇಸಿನ ತಪ್ಪಿಗಾಗಿ ಎಂದೋ ಒಂದು ದಿನ ಹೊಸ ಗೋಡೆಯನ್ನು ಬಿಚ್ಚಬೇಕಾಗುತ್ತಿತ್ತು.

ಬಣ್ಣದ ಕೆಲಸದ ಬಗ್ಗೆ ಒಂದೇ ಮಾತು. ಜಾಲರಿಗೆ ಬ್ರಷ್ಷಿನಿಂದ ಬಣ್ಣ ಬಳಿದರೆ ತೂತುಗಳು ಮುಚ್ಚಿ ಟ್ವೀಟರಿನ ಧ್ವನಿ ಮಂಕಾಗುತ್ತದೆ. ಅದರ ಹಿಂದಿನ ತೆಳುಬಟ್ಟೆಯನ್ನು ತೆಗೆದಿಟ್ಟು, ಗೋಡೆಯ ಬಣ್ಣವನ್ನೇ ತೆಳುಗೊಳಿಸಿ ಸ್ಪ್ರೇ ಮಾಡಿಸಬೇಕು.

ಕೇಳಿದಾಗ ಕಂಡದ್ದು

ಗೋಡೆಯೊಳಗಿನ ಸ್ಪೀಕರಿಗೆ ಒಂದು ಸಹಜ ಅನುಕೂಲವಿದೆ, ಅದನ್ನು ಹೇಳದಿದ್ದರೆ ಅನ್ಯಾಯವಾದೀತು. ಮಾಮೂಲಿ ಸ್ಪೀಕರನ್ನು ಅದರ ಮುಖ ಗೋಡೆಯಿಂದ 60 ಸೆಂ.ಮೀ. ಮುಂದಿರುವಂತೆ ಇಟ್ಟರೆ, ಗೋಡೆಗೆ ಬಡಿದು ಮರಳುವ ಅಲೆ 143 ಹರ್ಟ್ಸ್ ಸುತ್ತ ನೇರ ಅಲೆಯನ್ನು ಅಳಿಸುತ್ತದೆ, ಆ ಸ್ವರಗಳಲ್ಲಿ ಹಳ್ಳ ಬೀಳುತ್ತದೆ. ಗೋಡೆಯ ಮಟ್ಟಕ್ಕೇ ಕೂತ ಸ್ಪೀಕರಿಗೆ ಹಿಂದೆ ಹೋಗಿ ಮರಳುವ ಅಲೆಯೇ ಇಲ್ಲ. ಈ ಮನೆಯಲ್ಲಿ ಹಾಡುಗಾರರ ಕೆಳಸ್ಥಾಯಿ ಅಷ್ಟು ಸಮವಾಗಿ ಬಂದದ್ದಕ್ಕೆ ಸರಿಯಾದ ಪೆಟ್ಟಿಗೆಯಷ್ಟೇ ಇದೂ ಕಾರಣ.

ಆದರೆ ಹಾಲ್‌ನ ಪ್ರತಿಧ್ವನಿ ಕಾಟ ಕೊಟ್ಟಿತು. ವಿಟ್ರಿಫೈಡ್ ಟೈಲ್ಸಿನ ನೆಲ, ಪ್ಲಾಸ್ಟರಿನ ಗೋಡೆ, ಹತ್ತಡಿ ಎತ್ತರದ ಕಾಂಕ್ರೀಟ್ ಚಾವಣಿ. ಕೋಣೆಯ ಗಾತ್ರವನ್ನು 0.161ರಿಂದ ಗುಣಿಸಿ, ಶಬ್ದ ಹೀರುವ ಒಟ್ಟು ವಿಸ್ತೀರ್ಣದಿಂದ ಭಾಗಿಸಿದರೆ ನಾದ ಅಡಗುವ ಕಾಲ ಸಿಗುತ್ತದೆ ಎಂಬುದು ಭೌತವಿಜ್ಞಾನಿ ವಾಲೇಸ್ ಸಬೈನ್ ಕೊಟ್ಟ ಸೂತ್ರ. 67 ಘನ ಮೀಟರಿನ ಈ ಹಾಲ್‌ನಲ್ಲಿ ಹೀರುವ ವಿಸ್ತೀರ್ಣ ಒಂಬತ್ತು ಚದರ ಮೀಟರ್ ಎಂದು ಅಂದಾಜಿಸಿದರೆ ಅದು 1.2 ಸೆಕೆಂಡ್. ವೇಗದ ಸ್ವರಕಲ್ಪನೆಯಲ್ಲಿ ಒಂದು ಸ್ವರ ಅಡಗುವ ಮೊದಲೇ ಮುಂದಿನ ಹಲವು ಸ್ವರಗಳು ಬಂದು ಮೇಲೆ ಬೀಳುತ್ತವೆ. ಸೋಫಾದ ಮುಂದೆ ದಪ್ಪ ಜಮಖಾನ, ಕಿಟಕಿಗಳಿಗೆ ನೆರಿಗೆ ಹೆಚ್ಚಿರುವ ಭಾರವಾದ ಪರದೆ, ಹಿಂದಿನ ಗೋಡೆಗೆ ಪುಸ್ತಕದ ಕಪಾಟು ಬಂದ ಮೇಲೆ ಚಪ್ಪಾಳೆ ತಟ್ಟಿದರೆ ಕೇಳುತ್ತಿದ್ದ ಗಣಗಣ ನಿಂತಿತು. ಇವುಗಳಿಗೆ ತಗಲಿದ ಖರ್ಚು ಆಂಪ್ಲಿಫೈಯರಿನ ಖರ್ಚಿನ ಒಂದು ಸಣ್ಣ ಪಾಲು. ಕಿವಿಗೆ ಗೊತ್ತಾದ ವ್ಯತ್ಯಾಸ ಅದಕ್ಕಿಂತ ಬಹಳ ದೊಡ್ಡದು.

ಸಬ್‌ವೂಫರನ್ನು ಗೋಡೆಯೊಳಗೆ ಹಾಕದೆ ನೆಲದ ಮೇಲೆಯೇ ಇಟ್ಟೆವು. ಹಾಲ್‌ನ ಅಳತೆಗೆ 31, 43 ಮತ್ತು 56 ಹರ್ಟ್ಸ್ ಸುತ್ತ ಕೋಣೆಯದೇ ಅನುರಣನಗಳಿವೆ. ಅವನ್ನು ತಗ್ಗಿಸಲು ಸಬ್‌ವೂಫರನ್ನು ಆಚೀಚೆ ಸರಿಸಿ ಜಾಗ ಹುಡುಕಬೇಕಾಗುತ್ತದೆ, ಗೋಡೆಗೆ ಸೇರಿದ್ದನ್ನು ಸರಿಸಲಾಗದು. ಎಡಗೋಡೆಯ ಪಕ್ಕ, ಮೂಲೆಯಿಂದ ನಾಲ್ಕಡಿ ಈಚೆಗೆ ಅದು ನೆಲೆಗೊಂಡಿತು. 80 ಹರ್ಟ್ಸ್‌ನಲ್ಲಿ ಅದರ ಮತ್ತು ಮುಂದಿನ ಸ್ಪೀಕರುಗಳ ಜೋಡಣೆ ಮಾಡಲಾಯಿತು.

ಪಶ್ಚಿಮದ ಗೋಡೆಯಲ್ಲಿ ಹಿಂಬದಿಯ ಸ್ಪೀಕರುಗಳು ಬೇಕೆಂಬ ಆಸೆ ಮಗನಿಗೆ ಇನ್ನೂ ಇದೆ. ಅವುಗಳಿಗೆ ಕೊರೆಯುವ ಮಾತಿಲ್ಲ. ಗೋಡೆಯ ಮೇಲೆ ನೇತುಹಾಕುವ ತೆಳುವಾದ ಮಾದರಿಯನ್ನೇ ಹಾಕಬೇಕು. ಅದಕ್ಕಾಗಿ ಸ್ಕರ್ಟಿಂಗಿನ ಮೇಲೆ ಕೇಸಿಂಗ್ ಪಟ್ಟಿಯಲ್ಲಿ 2.5 ಚದರ ಮಿ.ಮೀ. ತಂತಿಯನ್ನು ಈಗಲೇ ಎಳೆದು, ತುದಿಗಳನ್ನು ಮುಚ್ಚಿ ಬಿಟ್ಟಿದ್ದೇವೆ. ಹೊಸ ಗೋಡೆಯನ್ನು ಮುಚ್ಚುವ ಮೊದಲು ಅಳತೆ ಟೇಪು ಹಿಡಿದು ತೆಗೆದ ಫೋಟೋಗಳನ್ನೂ, ಪೈಪು, ಚಾನೆಲ್ ಮತ್ತು ಪೆಟ್ಟಿಗೆಗಳ ಜಾಗ ತೋರಿಸುವ ನಕ್ಷೆಯನ್ನೂ ಮುದ್ರಿಸಿ ಮನೆಯ ಕಾಗದಪತ್ರಗಳ ಫೈಲಿಗೆ ಸೇರಿಸಲು ಕೊಟ್ಟಿದ್ದೇವೆ. ಈ ಗೋಡೆಗೆ ಮುಂದೆ ಯಾರೇ ಮೊಳೆ ಹೊಡೆಯುವುದಿದ್ದರೂ ಮೊದಲು ಆ ನಕ್ಷೆಯನ್ನು ನೋಡಬೇಕು.